ಹಗುರದ ಸಿಲಿಂಡರ್ ಯಾವ ಓಣಿಗೆ?

ಪಟ್ಟಣ ಪಂಚಾಯಿತಿ ಸಭೆಯಲ್ಲಿ ಗದ್ದಲವೋ ಗದ್ದಲ. ತಿಂಗಳಿಗೊಂದೇ ಬರುವ ಹಗುರದ ಸಿಲಿಂಡರ್ ಬಂದು ಕಿಟಕಿಯ ಪಕ್ಕ ನಿಂತಿತ್ತು. ಅದರ ಮೂತಿ ತಿರುವಿದರೆ ಸಾಕು, ಸುತ್ತಮುತ್ತ ಯಾವುದಕ್ಕೂ ಒಂದಿಷ್ಟು ಹೊತ್ತು ತೂಕವೇ ಇರುತ್ತಿರಲಿಲ್ಲ.

ಗುಡ್ಡದ ಓಣಿಯ ಸದಸ್ಯೆ ಫಕೀರವ್ವ ಎದ್ದು ನಿಂತಳು. "ನಮ್ಮ ಓಣಿಗೆ ಗಾಡಿ ಹತ್ತಂಗಿಲ್ರಿ. ಹೊಸಾ ನೀರಿನ ಟ್ಯಾಂಕು ಗುಡ್ಡದ ಬುಡದಾಗ ತುಕ್ಕು ಹಿಡಿಯಾಕತ್ತೈತಿ. ಸಿಲಿಂಡರ್ ಕೊಟ್ರ ನಾವು ಹೆಣ್ಮಕ್ಕಳೇ ಟ್ಯಾಂಕು ಮ್ಯಾಲ ಹೊತ್ಕೊಂಡು ಹೋಗ್ತೀವಿ!"

ಅಧ್ಯಕ್ಷ ಚನ್ನವೀರಪ್ಪ ಮೀಸೆ ತೀಡಿದರು. "ನನ್ನ ಮಗಳ ಮದುವಿ ಐತಲ್ಲವ್ವಾ. ಬೀಗರು ಒಂದೀಟು ತೇಲಾಡ್ಲಿ. ಮುಂದಿನ ತಿಂಗಳು ನಿಮಗ."

ಈ 'ಮುಂದಿನ ತಿಂಗಳು' ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. "ಆತ್ರಿ. ಖಾಲಿ ಸಿಲಿಂಡರ್ ಕಳಿಸ್ಯಾರೇನು, ನೋಡೂಣು," ಎಂದವಳೇ ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದರಿಂದ ಮೂತಿಯನ್ನು ಚೂರೇ ತಿರುವಿ ಮುಚ್ಚಿದಳು.

ಬುಸ್! ಚಹಾದ ಕಪ್ಪು, ಕುರ್ಚಿ, ಚನ್ನವೀರಪ್ಪ, ಎಲ್ಲ ಮೇಲೆದ್ದವು. ತಲೆ ಛಾವಣಿಗೆ ಬಡಿಯದಿರಲೆಂದು ಸದಸ್ಯರೆಲ್ಲ ಗಾಬರಿಯಿಂದ ಕೈ ಮೇಲೆತ್ತಿದರು.

"ಗುಡ್ಡದ ಓಣಿಗೆ ಒಪ್ಪಿಗಿ ಇದ್ದವರು ಕೈ ಎತ್ರಿ!" ಫಕೀರವ್ವ ಸರಳು ಹಿಡಿದು ತೇಲುತ್ತಲೇ ಕೂಗಿದಳು. "ಸರ್ವಾನುಮತ! ಅಧ್ಯಕ್ಷರದಂತೂ ಎರಡೂ ಕೈ!"