ವಾಸನೆಯಿಲ್ಲದ ಗೊಬ್ಬರ

ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುತ್ತಿತ್ತು. ಅವಳು ಆ ಮನೆಯವರು ತರಿಸಿದ್ದ ನಗರಸಭೆಯ ಗೊಬ್ಬರದ ಚೀಲವನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲೇ ಕೂತಳು.

ಮನೆಯೊಡತಿ ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದರು.

“ಇದು ನಮ್ಮನೆ ಹಸಿಕಸಾನಾ? ನಂಬೋಕಾಗಲ್ಲ ಕಣೆ. ಚೂರೂ ವಾಸನೆ ಇಲ್ಲ.”

“ನಿಮ್ಮ ಬೀದೀದೇ ಅಮ್ಮಾ. ಕೊಳೆಸಿ, ಮಗುಚಿ, ಬಿಸಿಲಲ್ಲಿ ಒಣಗಿಸಿದ್ರೆ ಎಲ್ಲಾ ಹೋಗ್ಬಿಡುತ್ತೆ. ವರ್ಷ ಇಟ್ರೂ ಕೆಡಲ್ಲ.”

“ಟೀಪುಡಿ ಇದ್ದಂಗಿದೆ ನೋಡು!” ಅವರು ನಕ್ಕರು.

ಅವಳು ಬೋರ್ಡಿನ ಕಡೆ ನೋಡಿದಳು. “ಹಿಂದಿನ ಕೋಣೆ ಖಾಲಿ ಇದೆಯಂತಲ್ಲಮ್ಮಾ. ನಾನು, ಮಗಳು ಇಬ್ರೇ. ನಮ್ಮ ಗುಡಿಸಲು ನಾಡಿದ್ದು ಕೆಡವ್ತಾರೆ.”

“ಯಾವ ಜನ ನೀವು?”

ಅವಳು ಚೀಲದ ಬಾಯಿ ಮಡಚತೊಡಗಿದಳು.

“ಹೋಗ್ಲಿ, ಕೆಲಸ ಏನು?”

“ಇದೇ ಅಮ್ಮಾ. ಒಣಗಿಸೋದು ನಾನೇ.”

ಮನೆಯೊಡತಿ ಹಿಂದೆ ಸರಿದರು. “ಬೇಜಾರು ಮಾಡ್ಕೋಬೇಡ. ನಮ್ಮ ಅಡುಗೆಮನೆಗೂ ಆ ಕೋಣೆಗೂ ಒಂದೇ ಗೋಡೆ. ವಾಸನೆ ನಮಗೆ ಆಗಿಬರಲ್ಲ.”

“ಸ್ನಾನ ಮಾಡ್ಕೊಂಡೇ ಬಂದಿದೀನಿ.”

“ಸ್ನಾನ ಮಾಡಿದ್ರೆ ಹೋಗೋದಲ್ಲ ಬಿಡು ಅದು.”

ಅವಳು ಎದ್ದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗೇಟು ದಾಟಿ, ಚಿಲಕ ಹಾಕಲು ತಿರುಗಿದಳು.

ಅವಳು ಕೂತಿದ್ದ ಮೆಟ್ಟಿಲಿಗೆ ಮನೆಯೊಡತಿ ಒಂದು ಬಿಂದಿಗೆ ನೀರು ಸುರಿದು ತೊಳೆದರು. ಒದ್ದೆಯಾಗದಂತೆ ಮೊದಲೇ ಎತ್ತಿಟ್ಟಿದ್ದ ಗೊಬ್ಬರದ ಚೀಲವನ್ನು ಎದೆಗವುಚಿಕೊಂಡು, ಒಳಗಿನ ತುಳಸಿಕಟ್ಟೆಗೆ ಒಯ್ದರು.