ಬಲಗಾಲಿನ ಪಟ್ಟಿ

ಚೈನಿನ ಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಹೊಲಿಗೆಯಕ್ಕನಿಗೆ ಮೊದಲು ನೆನಪಾದದ್ದು ಅಪ್ಪ. ಸೈಕಲ್ ರಿಪೇರಿ ಮುಗಿಸಿ ಬಂದು ಅಪ್ಪ ಎತ್ತಿಕೊಂಡರೆ ಅವನ ಅಂಗಿಯಲ್ಲಿ ಹೀಗೇ ಕಬ್ಬಿಣ, ರಬ್ಬರು, ಎಣ್ಣೆ ಎಲ್ಲ ಬೆರೆತು ಕಮಟುತ್ತಿತ್ತು. ಆ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದ ಎಂದೇ ಅರ್ಥ. ಆದರೆ ಅಂಗಡಿಯ ಬೀಗವನ್ನು ಅವಳು ತೆಗೆದದ್ದು ಈಗಷ್ಟೇ. ಒಳಗೆ ಯಾರೂ ಇರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಬೂದು ಬಣ್ಣದ ಹೊಸ ಪ್ಯಾಂಟಿನ ಬಲಗಾಲಿನ ಅಂಚಿಗೆ, ಹಲ್ಲುಹಲ್ಲಾಗಿ, ಕಪ್ಪು ಮಸಿ ಹತ್ತಿತ್ತು.

"ನಿನ್ನ ಕೈಯೇನಾದ್ರೂ ತಾಗಿತೇನೇ?" ಎಂದು ಹಿಂದೆಯೇ ಬಂದ ನಾದಿನಿಯನ್ನು ಕೇಳಿದಳು.

"ಅಯ್ಯೋ ಅತ್ತಿಗೆ, ನಮ್ಮ ಮಿಷನ್ನಿನ ಎಣ್ಣೆ ನೀರಿನ ಹಾಗಿರತ್ತೆ. ಇದು ಡಾಂಬರು! ಬೆಳಗ್ಗೆ ಬೆಳಗ್ಗೆ ನನ್ನ ತಲೆಗೆ ಕಟ್ಟಬೇಡಿ."

ಅದು ಕನ್ನಡಕದ ಅಂಗಡಿಯವರು ಹೊಲಿಸಿದ ಪ್ಯಾಂಟು. ಸೈಕಲ್ ತುಳಿಯುವವರು ಇಳಿದ ಮೇಲೂ ನಾಲ್ಕು ಜನರ ನಡುವೆ ಮರ್ಯಾದೆಯಾಗಿ ಕೂರಬಹುದಾದ ಬಟ್ಟೆ ಹೊಲಿಯುವುದರಲ್ಲಿ ಹೊಲಿಗೆಯಕ್ಕನದು ಎತ್ತಿದ ಕೈ. ನೋಡಿದರೆ ಮಾಮೂಲಿ ಪ್ಯಾಂಟು; ಆದರೆ ಬಗ್ಗಿದರೆ ಬೆನ್ನು ಕಾಣದಂತೆ ಸೊಂಟ ಹಿಂದೆ ತುಸು ಎತ್ತರ, ಮಂಡಿ ಸಡಿಲ, ಸೀಟಿಗೆ ಒತ್ತುವ ಕಡೆ ಹೊಲಿಗೆಯೇ ಇಲ್ಲ. ಕನ್ನಡಕದವರು ಬಟ್ಟೆ ಆರಿಸಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದರು. ಮುಷ್ಟಿಯಲ್ಲಿ ಹಿಂಡಿ ಸುಕ್ಕು ನೋಡಿದರು, ನೀರು ಚಿಮುಕಿಸಿ ಆರುವವರೆಗೂ ಕಾದರು. ಕೊನೆಗೆ, "ಬಲಗಾಲಿಗೆ ಬಿಗಿಯೋಕೆ ಒಂದು ಪಟ್ಟಿ, ಒಂದು ಗುಂಡಿ ಇಡಿ ಅಕ್ಕ. ಇನ್ನೊಂದ್ಸಲ ಚೈನಿನ ಮಸಿ ಮಾಡ್ಕೊಂಡು ಬಂದ್ರೆ ಬಾಗಿಲಾಚೆನೇ ನಿಂತಿರಿ, ಊಟನೂ ಇಲ್ಲ ಅಂದಿದಾಳೆ ನನ್ನ ಹೆಂಡ್ತಿ. ಅವಳು ಅಂದ್ರೆ ಅಂದ ಹಾಗೇ!" ಎಂದು ನಕ್ಕಿದ್ದರು. ಹೋದ ವಾರ ಬರಬೇಕಿತ್ತು. ಬಂದಿರಲಿಲ್ಲ.

ಹೊಲಿಗೆಯಕ್ಕ ಮಸಿಗೆ ಪಾತ್ರೆ ತೊಳೆಯುವ ಸೋಪು ಸವರಿ, ಒಳಮೈಯಿಂದ ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿ, ತಣ್ಣೀರಿನಲ್ಲಿ ಜಾಲಾಡಿ, ನೆರಳಿನಲ್ಲಿ ಒಣಗಿಸಿದಳು. ಮಸಿಯ ಮೇಲೆ ಇಸ್ತ್ರಿ ಇಟ್ಟರೆ ಅದು ಅಲ್ಲೇ ಮನೆ ಮಾಡುತ್ತದೆ; ಅದಕ್ಕೇ ಒಂದು ಚುಕ್ಕೆಯೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದಳು. ಮರುದಿನ ಬೀಗ ತೆಗೆದರೆ ಅದೇ ವಾಸನೆ, ಅದೇ ಜಾಗದಲ್ಲಿ ಅದೇ ಮಸಿ. ಮತ್ತೆ ಒಗೆದಳು. ಮತ್ತೆ ಹತ್ತಿತು. ಆಮೇಲಾಮೇಲೆ ನಾದಿನಿ, "ದೊಡ್ಡವರು ನೀವು, ಮೊದಲು ಒಳಗೆ ನಡೀರಿ" ಎಂದು ಹೊಸ್ತಿಲಾಚೆಯೇ ನಿಲ್ಲತೊಡಗಿದಳು.

ಸುದ್ದಿ ತಂದವಳೂ ಅವಳೇ. "ಕನ್ನಡಕದ ಅಂಗಡಿ ಮುಚ್ಚಿದೆ ಅತ್ತಿಗೆ. ಬರ್ತೀನಿ ಅಂದಿದ್ದ ದಿನಾನೇ ಪ್ಯಾಂಟ್ ತರ್ತೀನಿ ಅಂತ ಇಲ್ಲಿಗೇ ಹೊರಟಿದ್ರಂತೆ. ದಾರೀಲೇ, ಸೈಕಲ್ ಮೇಲೇ, ಎದೆಬಡಿತ ನಿಂತುಹೋಯ್ತಂತೆ." ಅವಳು ಗೂಟದ ಕಡೆ ನೋಡಲಿಲ್ಲ. "ಅದನ್ನ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ಳಿ. ನಾನಂತೂ ಮುಟ್ಟಲ್ಲ."

ಹೊಲಿಗೆಯಕ್ಕ ಪ್ಯಾಂಟನ್ನು ಮೇಜಿನ ಮೇಲೆ ಹರವಿದಳು. ಹರವಿದವಳು ಹಾಗೇ ನಿಂತುಬಿಟ್ಟಳು. ಪಟ್ಟಿ ಇದ್ದದ್ದು ಎಡಗಾಲಿಗೆ. ಹೊಲಿಯುವ ದಿನವೂ ಹೀಗೇ ಎದುರಿಗೆ ಹರವಿಕೊಂಡು, ತನ್ನ ಬಲಕ್ಕೆ ಬಂದ ಕಾಲೇ ಅವರ ಬಲಗಾಲು ಎಂದುಕೊಂಡಿದ್ದಳು. ಚೈನಿರುವುದು ಬಲಕ್ಕೆ.

"ಪಾಪ, ಅವರೇನು ಮಾಡ್ತಾರೆ?" ಎಂದಳು ಮೆಲ್ಲಗೆ. "ಇದನ್ನ ಹಾಕ್ಕೊಂಡು ಮನೆಗೆ ಹೇಗೆ ಹೋಗ್ತಾರೆ?"

"ಅತ್ತಿಗೆ! ಹಾಗೆಲ್ಲ ಮಾತಾಡಬೇಡಿ!"

ಮಸಿಯನ್ನು ಇನ್ನೊಮ್ಮೆ ಒಗೆದು, ಒಣಗಿದ ಮೇಲೆ ಪಟ್ಟಿ, ಗುಂಡಿ ಎರಡನ್ನೂ ಬಿಚ್ಚಿ, ಬಲಗಾಲಿಗೆ ಒಂದೊಂದೇ ಹೊಲಿಗೆ ಹಾಕಿ ಕೂರಿಸಿದಳು. ಗುಂಡಿಯನ್ನು ಬಿಗಿಯದೆ ಬಿಟ್ಟು, ಗೂಟಕ್ಕೆ ಸಿಕ್ಕಿಸಿ, ಬೀಗ ಹಾಕಿಕೊಂಡು ಮನೆಗೆ ಹೋದಳು. ಬೆಳಗ್ಗೆ ಬಂದು ನೋಡಿದರೆ ಅಂಚು ಸ್ವಚ್ಛವಾಗಿತ್ತು. ಪಟ್ಟಿಯ ಗುಂಡಿ ಮಾತ್ರ ಬಿಗಿದಿತ್ತು.

ಅದನ್ನು ಮಡಿಸಿ ಎದೆಗವಚಿಕೊಂಡು ಮಧ್ಯಾಹ್ನ ಕನ್ನಡಕದವರ ಮನೆಗೆ ಹೊರಟಳು. ದಾರಿಯುದ್ದಕ್ಕೂ ಹಿಂದಿನಿಂದ ಟಿಕ್ ಟಿಕ್ ಟಿಕ್ ಎಂದು ಸೈಕಲ್ಲನ್ನು ತಳ್ಳಿಕೊಂಡು ಬರುವ ಸದ್ದು. ತಿರುಗಿದರೆ ಬಿಸಿಲು, ಖಾಲಿ ರಸ್ತೆ. ಹೊಲಿಗೆಯಕ್ಕ ಮತ್ತೆ ತಿರುಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಡೆದಳು.

ಬಾಗಿಲು ತೆರೆದ ಹೆಂಡತಿ ಪ್ಯಾಂಟನ್ನು ಬಿಡಿಸಿ, ಮೊದಲು ನೋಡಿದ್ದೇ ಬಲಗಾಲಿನ ಅಂಚನ್ನು.

"ಅವತ್ತೂ ಮಸಿ ಮಾಡ್ಕೊಂಡಿದ್ರು," ಎಂದಳು. "ಬಾಯಿಗೆ ಬಂದಿದ್ದು ಅಂದೆ. ಊಟ ಬಡಿಸಲಿಲ್ಲ. ಹೊಸದು ತಂದುಬಿಡ್ತೀನಿ ಇರು ಅಂತ ಹಾಗೇ ಹೋದ್ರು. ಈಗ ದಿನಾ ಊಟದ ಹೊತ್ತಿಗೆ ಬಾಗಿಲಾಚೆ ಯಾರೋ ನಿಂತ ಹಾಗಾಗತ್ತೆ ಅಕ್ಕ. ಬನ್ನಿ ಅಂದ್ರೂ ಬರಲ್ಲ."

"ಸರಿಯಾಗಿ ನೋಡಮ್ಮ. ಈಗ ಮಸಿ ಇಲ್ಲ ತಾನೇ?"

"ಇಲ್ಲ," ಎಂದಳು ಹೆಂಡತಿ. ಇನ್ನೊಮ್ಮೆ, ಯಾರಿಗೋ ಕೇಳಿಸುವಂತೆ, "ಒಂಚೂರೂ ಇಲ್ಲ" ಎಂದಳು.

ಹೊರಗೆ ಟಿಕ್ ಟಿಕ್ ಸದ್ದು ನಿಂತಿತು. ಎಣ್ಣೆಯ ವಾಸನೆ ತೇಲಿ ಬಂತು. ಹೆಂಡತಿ ಒಳಗೆ ಹೋಗಿ ಹಬೆಯಾಡುವ ಊಟದ ತಟ್ಟೆ ತಂದಳು. ತನಗೇ ಇರಬೇಕೆಂದು ಹೊಸ್ತಿಲ ಬಳಿ ನಿಂತಿದ್ದ ಹೊಲಿಗೆಯಕ್ಕ ಸಂಕೋಚದಿಂದ ಕೈ ಮುಂದೆ ಮಾಡಿದಳು. ಹೆಂಡತಿ ಅವಳನ್ನು ನೋಡಲಿಲ್ಲ. ಅವಳ ಭುಜವನ್ನು ದಾಟಿಸಿ ತಟ್ಟೆಯನ್ನು ಬಾಗಿಲಾಚೆಗೆ ಚಾಚಿದಳು.

ಹೆಂಡತಿಯ ಕೈ ಹಿಂದಕ್ಕೆ ಬಂದಾಗ ಬರಿದಾಗಿತ್ತು. ತಟ್ಟೆ ಬಿದ್ದ ಸದ್ದು ಕೇಳಲಿಲ್ಲ.