ನಾಲ್ಕು ಚಕ್ರಗಳ ಬಳಿ ಒದ್ದೆ

ಕಾರಿನ ನಾಲ್ಕೂ ಚಕ್ರಗಳ ಬಳಿ ನೆಲ ಒದ್ದೆಯಾಗಿತ್ತು.

ನರ್ಸಮ್ಮ ಬಗ್ಗಿ ಬೆರಳಿಟ್ಟು ನೋಡಿದಳು. ನೀರಲ್ಲ; ಜಾರುತ್ತಿತ್ತು. ಯಾರೋ ತೊಳೆಯಲು ಹೋಗಿ, ಅವಸರದಲ್ಲಿ ಅರ್ಧಕ್ಕೇ ಬಿಟ್ಟಿದ್ದರು. ಕಸದ ಬುಟ್ಟಿಯ ತಳದಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಬಾಟಲಿಯೊಂದು ಸಿಕ್ಕಿತು. ಒಳಗೆ ಕಾದು ಕಾದು ಕಪ್ಪಾದ ಚಹಾದ ಬಣ್ಣದ ದ್ರವ.

ಭಾನುವಾರದ ಪಾಳಿಗೆ ಅವಳು ಬಸ್ಸಿನಲ್ಲಿ ಹೋಗುವುದು ವಾಡಿಕೆ. ಇಂದೂ ಹಾಗೇ ಹೋಗಿ ಬಂದಿದ್ದಳು; ಕಾರು ಮನೆಯಲ್ಲೇ ಉಳಿದಿತ್ತು. ಅಣ್ಣನ ಮನೆಗೆ ಹೋಗುತ್ತೇನೆಂದು ಹೇಳಿದ್ದ ಗಂಡ ಸಂಜೆ ಬಂದ.

"ಕಾರಿಗೆ ಏನಾದ್ರೂ ಮಾಡಿದ್ರಾ?"

"ನಾನಾ? ಇಡೀ ದಿನ ಅಣ್ಣನ ಮನೇಲಿದ್ದೆನಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

ಅವನ ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು. ಮದುವೆಗೆ ಮುಂಚೆ ಹತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಕೈ ಅದು. ಎಲ್ಲಿ ಸಡಿಲಿಸಿದರೆ ಏನಾಗುತ್ತದೆಂದು ಬಲ್ಲ ಕೈ.

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ಒಂದು ವರ್ಷದಿಂದ ಗಂಡ ಹೆಂಡತಿಯ ನಡುವೆ ಮಾತು ಉಪ್ಪಿನಷ್ಟೇ ಉಳಿದಿತ್ತು. ಗುರುವಾರ ಅವನು ತಾರಸಿಯ ಮೇಲೆ ಫೋನಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು: "ಅವಳಿಗೆ ಗೊತ್ತಾಗಬಾರದು. ಭಾನುವಾರ ಅವಳು ಇರಲ್ಲ." ಆಸ್ಪತ್ರೆಗೆ ಹೋಗುವ ದಾರಿ ಉದ್ದಕ್ಕೂ ಇಳಿಜಾರು. ಕೊನೆಯಲ್ಲಿ ತಿರುವು, ತಿರುವಿನಾಚೆ ಹೊಳೆ.

ಬೆಳಗಾಗಿ ಅವನು ಅಂಗಡಿ ಕೆಲಸಕ್ಕೆ ಹೊರಟ ಮೇಲೆ ಅವಳು ದೇವರ ಮುಂದೆ ಕೈ ಮುಗಿದು ನಿಂತಳು. ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಆಸ್ಪತ್ರೆಗೆ ರಜೆ ಹೇಳಿ, ತಂಗಿಗೆ ಫೋನ್ ಮಾಡಿದಳು.

ತಂಗಿ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಾಯಿ ಸಾಯುವಾಗ ಆರು ವರ್ಷದ ಆ ಮಗುವಿನ ಕೈಯನ್ನು ಇವಳ ಕೈಯಲ್ಲಿಟ್ಟು ಕಣ್ಣು ಮುಚ್ಚಿದ್ದಳು. ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟುಕೊಟ್ಟಿದ್ದು, ಎಲ್ಲವೂ ಇವಳೇ. ಮದುವೆಯ ಮಾತೆತ್ತಿದರೆ ಮಾತ್ರ ತಂಗಿ ನಕ್ಕು ತಲೆಯಾಡಿಸುತ್ತಿದ್ದಳು.

"ನಿನ್ನ ಭಾವ ನನ್ನ ಕಾರಿನ ಬ್ರೇಕ್ ಕೆಡಿಸಿದ್ದಾರೆ ಕಣೇ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಕ್ಕಾ, ತಲೆ ಕೆಟ್ಟಿದೆಯಾ? ಭಾವ ಇರುವೆ ಕಚ್ಚಿದ್ರೂ ಊದಿ ಬಿಡೋರು!"

"ಗೋಮುಖವ್ಯಾಘ್ರ ಅಂತಾರೆ, ಕೇಳಿದ್ದೀಯಾ? ಬ್ರೇಕ್ ಕಾಲಿಗೆ ಮೆತ್ತಗಾಗಿದೆ ಅಂತ ಹೋದ ವಾರ ನಿನ್ನ ಹತ್ರ ಹೇಳಿರ್ಲಿಲ್ವಾ? ಆಗಲೇ ಶುರು ಮಾಡಿದ್ರು ಅನ್ಸುತ್ತೆ. ನಿನ್ನೆ ನೀನಾದ್ರೂ ಊರಲ್ಲಿದ್ದಿದ್ರೆ ಕಣ್ಣಾರೆ ನೋಡ್ತಿದ್ದೆ."

"ಬಟ್ಟೆ ತರೋಕೆ ಹೋಗಿದ್ದೆನಲ್ಲ..." ತಂಗಿಯ ದನಿ ಸಣ್ಣಗಾಯಿತು. "ಈಗೇನ್ ಮಾಡ್ತೀಯ?"

"ಮೆಕ್ಯಾನಿಕ್‌ಗೆ ತೋರಿಸ್ತೀನಿ. ಆಮೇಲೆ ಪೊಲೀಸ್."

"ದುಡುಕಬೇಡ ಅಕ್ಕಾ. ಗಿರಾಕಿ ಕೂತಿದ್ದಾರೆ. ಕಳಿಸಿ ಬಂದೆ."

ಮೊದಲು ಬಂದವನು ಮೆಕ್ಯಾನಿಕ್. ತಲೆ ನರೆತ ಮನುಷ್ಯ. ಕಾರಿಗಿಂತ ಹೆಚ್ಚು ಕೆಮ್ಮುತ್ತಿದ್ದ. ಬಾನೆಟ್ ಎತ್ತಿ, ಬ್ರೇಕ್ ಎಣ್ಣೆಯ ಡಬ್ಬಿಯೊಳಗೆ ಇಣುಕಿದ. ಎಣ್ಣೆ ಜೇನಿನಂತೆ ತಿಳಿಯಾಗಿತ್ತು.

"ಕೆಡಿಸಿದ್ದಾರೆ ಅಂದ್ರಲ್ಲಮ್ಮ? ಇರಿ, ಒಳಗೆ ಗಾಳಿ ಇದೆಯಾ ನೋಡೋಣ. ಈ ಎಣ್ಣೆ ಇಳಿಸೋದು ಇಬ್ಬರ ಕೆಲಸ. ಸೀಟಲ್ಲಿ ಕೂತು ಪೆಡಲ್ ಒತ್ತಿ. ನಾನು ಬಿಡಿ ಅನ್ನೋ ತನಕ ಕಾಲು ತೆಗೀಬೇಡಿ. ಅರೆಗಳಿಗೆ ಮುಂಚೆ ತೆಗೆದ್ರೂ ಗಾಳಿ ಒಳಗೆ ಹೊಕ್ಕುಬಿಡುತ್ತೆ."

ಅವಳು ಕೂತು ಒತ್ತಿದಳು. ಅವನು ಹಿಂದಿನ ಚಕ್ರದ ಬಳಿ ಮಲಗಿ, ಸಣ್ಣ ತಿರುಪನ್ನು ಸಡಿಲಿಸಿ, ಕೊಳವೆಯನ್ನು ಬಾಟಲಿಗೆ ಇಳಿಬಿಟ್ಟ.

"ಒತ್ತಿ... ಹಿಡೀರಿ... ಹಾಂ, ಬಿಡಿ."

ಒಂದೊಂದಾಗಿ ನಾಲ್ಕೂ ಚಕ್ರ ಮುಗಿಯಿತು. ಅವನು ಎದ್ದು ಮೊಣಕಾಲು ಕೊಡವಿಕೊಂಡ.

"ಒಂದು ಗುಳ್ಳೆ ಇಲ್ಲ. ಈ ಎಣ್ಣೆ ಹಳೇದಾದ್ರೆ ನೀರು ಹೀರ್ಕೊಳ್ಳುತ್ತೆ. ನಿಮ್ಮ ಇಳಿಜಾರಲ್ಲಿ ಬಿಸಿಯಾಗಿ ಕುದ್ದು, ಒಂದಿನ ಪೆಡಲ್ ಸೀದಾ ನೆಲಕ್ಕೆ ಹೋಗ್ತಿತ್ತು. ಹಳೇದನ್ನ ಪೂರ್ತಿ ಇಳಿಸಿ ಹೊಸದು ತುಂಬಿದ್ದಾರೆ. ನಾನೂ ಇಷ್ಟು ಚೊಕ್ಕವಾಗಿ ಮಾಡ್ತಿರ್ಲಿಲ್ಲ. ಇದು ಕೊಲ್ಲೋ ಕೈ ಅಲ್ಲ ತಾಯಿ, ಕಾಯೋ ಕೈ."

ಅವನು ಹೋದ ಮೇಲೂ ಅವಳು ಸೀಟಿನಲ್ಲೇ ಕೂತಿದ್ದಳು. ಕಣ್ಣೀರು ತಾನಾಗಿ ಇಳಿಯಿತು. ದೇವರೇ, ಎಂಥ ಪಾಪಿ ನಾನು! ಉಪಕಾರ ಮಾಡಿ ಹೇಳಿಕೊಳ್ಳದ ಗಂಡನನ್ನು ಕೊಲೆಗಾರನೆಂದು ಬಗೆದೆನಲ್ಲ. ಅಣ್ಣನ ಮನೆ ಎಂಬ ಸುಳ್ಳು ಇದಕ್ಕಾಗಿಯೇ. ಗೊತ್ತಾಗಬಾರದೆಂಬ ಪಿಸುಮಾತೂ ಇದಕ್ಕಾಗಿಯೇ. ಯಾವನೋ ಗ್ಯಾರೇಜಿನ ಗೆಳೆಯನಿಗೆ ಹೇಳಿರಬೇಕು. ಸಂಜೆ ಅವನು ಬಂದೊಡನೆ ಕಾಲು ಹಿಡಿದು ಕ್ಷಮೆ ಕೇಳಬೇಕು. ಒಂದು ವರ್ಷದ ಮೌನವನ್ನು ಇಂದೇ ಮುರಿಯಬೇಕು.

ಗೇಟಿನ ಸದ್ದಾಯಿತು. ತಂಗಿ ಓಡಿಬಂದಿದ್ದಳು, ಕತ್ತಿನಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು. ಅಕ್ಕನ ಕಣ್ಣೀರು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಪೊಲೀಸಿಗೆ ಹೇಳಿಬಿಟ್ಯಾ?"

"ಇಲ್ವೇ ಹುಚ್ಚಿ. ಬಾ ಇಲ್ಲಿ, ಏನಾಯ್ತು ಅಂದ್ರೆ..."

ತಂಗಿ ಅವಳನ್ನು ಮುಂದೆ ಮಾತಾಡಲು ಬಿಡಲಿಲ್ಲ. ಕಾರಿನ ಬಾಗಿಲ ಬಳಿ ಕುಸಿದು ಕೂತು, ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ಹೇಳಬೇಡ ಅಕ್ಕಾ, ನಿನ್ನ ದಮ್ಮಯ್ಯ. ಅವರನ್ನ ಜೈಲಿಗೆ ಹಾಕಿಸಬೇಡ. ಅವರು ನಿನ್ನೆ ಬ್ರೇಕ್ ಕೆಡಿಸಲಿಲ್ಲ, ಸರಿ ಮಾಡಿದ್ರು. ನಿನಗೆ ಏನಾದ್ರೂ ಆದ್ರೆ ಅಂತ ನಾನೇ ಹಠ ಹಿಡಿದೆ. ಬೆಳಗ್ಗೆಯಿಂದ ನಾನು ಇಲ್ಲೇ ಇದ್ದೆ. ನಾಲ್ಕೂ ಚಕ್ರಕ್ಕೆ ಪೆಡಲ್ ಒತ್ತಿ ಹಿಡಿದವಳು ನಾನೇ ಅಕ್ಕಾ."